ಎಣಿಕೆಗೆ ಸಿಗದ ಇಲಿ

ನಾನು ಹಾಸನದಲ್ಲಿ ಬಿ.ಫಾರ್ಮ ಓದುವಾಗ, ಔಷಧಿ ದೇಹದಲ್ಲಿ ಏನು ಮಾಡುತ್ತದೆ ಎಂದು ಕಲಿಸುವ ಫಾರ್ಮಕಾಲಜಿ ಪ್ರಾಕ್ಟಿಕಲ್‌ಗೆ ಇನ್ನೂ ಜೀವಂತ ಇಲಿಗಳನ್ನೇ ತರುತ್ತಿದ್ದರು. ಒಂದು ದಿನ ನಮ್ಮ ಪಾಲಿಗೆ ಬಂದದ್ದು ಕೆಫೀನ್. ಅದನ್ನು ಕೊಟ್ಟರೆ ಇಲಿಯ ಓಡಾಟ ಎಷ್ಟು ಬದಲಾಗುತ್ತದೆ ಎಂದು ನೋಡಬೇಕಿತ್ತು. ಮೂಡಿಗೆರೆ ಕಡೆಯ ಕಾಫಿ ತೋಟದ ಮನೆಯಲ್ಲಿ ಬೆಳೆದ ನಾನು ಕೆಫೀನನ್ನು ಬಿಳಿ ಪುಡಿಯಾಗಿ ನೋಡಿದ್ದು ಅದೇ ಮೊದಲು.

ಪುಟ್ಟ ಬಿಳಿ ಇಲಿ. ತೂಕ ಸುಮಾರು 25 ಗ್ರಾಂ. ಯಾವ ಇಲಿ ಎಂದು ತಿಳಿಯಲು ಬೆನ್ನ ಮೇಲೆ ಪಿಕ್ರಿಕ್ ಆಸಿಡ್‌ನ ಹಳದಿ ಗುರುತು. ಡೋಸ್ ಕೆಜಿಗೆ 30 ಮಿಲಿಗ್ರಾಂ, ಅಂದರೆ ಇಲಿಗೆ ಮುಕ್ಕಾಲು ಮಿಲಿಗ್ರಾಂ. ಕಡಿಮೆ ಅನಿಸುತ್ತದೆ, ಅಲ್ವಾ? 60 ಕೆಜಿ ಮನುಷ್ಯನಿಗೆ ಅದೇ ಲೆಕ್ಕ ಹಾಕಿದರೆ 1,800 ಮಿಲಿಗ್ರಾಂ. ಲೋಟಕ್ಕೆ 100 ಅಂದುಕೊಂಡರೂ 18 ಲೋಟ ಕಾಫಿ. ಆದರೆ ಇಲಿಯ ದೇಹ ಔಷಧಿಯನ್ನು ನಮಗಿಂತ ಬೇಗ ಹೊರಹಾಕುತ್ತದೆ, ಹಾಗಾಗಿ ನೇರವಾಗಿ ಹೋಲಿಸಬಾರದು ಎಂದು ಮೇಡಂ ಮೊದಲೇ ಹೇಳಿದ್ದರು.

ಓಡಾಟ ಅಳೆಯಲು ಆಕ್ಟೋಫೋಟೋಮೀಟರ್ ಎಂಬ ಪೆಟ್ಟಿಗೆ ಇತ್ತು. ಒಳಗೆ ಒಂದು ಬದಿಯಿಂದ ಇನ್ನೊಂದು ಬದಿಗೆ ಬೆಳಕಿನ ಕಿರಣಗಳು. ಇಲಿ ಅಡ್ಡ ಬಂದಾಗಲೆಲ್ಲ ಎಣಿಕೆ ಒಂದು ಏರುತ್ತದೆ. ಮೊದಲು ಔಷಧಿ ಇಲ್ಲದೆ ಹತ್ತು ನಿಮಿಷ, ಇಂಜೆಕ್ಷನ್ ಆಗಿ ಅರ್ಧ ಗಂಟೆ ಬಿಟ್ಟು ಮತ್ತೆ ಹತ್ತು ನಿಮಿಷ. ಬರೀ ಸಲೈನ್ ಕೊಟ್ಟ ಇನ್ನೊಂದು ಇಲಿಯೂ ಇರಲೇಬೇಕು. ಯಾಕಂದರೆ ಎರಡನೇ ಸಲ ಅದೇ ಪೆಟ್ಟಿಗೆಗೆ ಬಿಟ್ಟರೆ ಜಾಗ ಪರಿಚಯವಾಗಿ ಓಡಾಟ ತಾನಾಗಿಯೇ ಕಡಿಮೆಯಾಗುತ್ತದೆ.

ಸಲೈನ್ ಇಲಿ ಸ್ವಲ್ಪ ಸುತ್ತಾಡಿ ಮೂಲೆ ಸೇರಿತು. ಕೆಫೀನ್ ಇಲಿ ನಿಲ್ಲಲೇ ಇಲ್ಲ. ಗೋಡೆಗುಂಟ ಓಡುವುದು, ಹಿಂಗಾಲ ಮೇಲೆ ಎದ್ದು ನಿಲ್ಲುವುದು, ಸ್ಟೂಲ್ ಎಳೆದ ಸದ್ದಿಗೂ ಬೆಚ್ಚುವುದು. ಎಚ್ಚರ ಇದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ಹೆಚ್ಚುತ್ತಾ ಹೋಗಿ ನಿದ್ದೆಗೆ ಎಳೆಯುತ್ತದೆ. ಅದು ಕೂರಬೇಕಾದ ಜಾಗಕ್ಕೆ ಕೆಫೀನ್ ಮೊದಲೇ ಹೋಗಿ ಕೂತುಬಿಡುತ್ತದೆ.

"ಡೋಸ್ ಡಬಲ್ ಮಾಡಿದ್ರೆ ಡಬಲ್ ಓಡುತ್ತಾ ಮೇಡಂ?" ಎಂದು ನನ್ನ ಗೆಳತಿ ಕೇಳಿದಳು.

"ಇಲ್ಲಮ್ಮ. ತುಂಬಾ ಜಾಸ್ತಿ ಆದ್ರೆ ಓಡಾಟ ಇಳಿಯುತ್ತೆ" ಎಂದ ಮೇಡಂ ಆಂಫೆಟಮಿನ್ ಎಂಬ ಇನ್ನೊಂದು ಉತ್ತೇಜಕ ಔಷಧಿಯ ಕಥೆ ಹೇಳಿದರು. ನನ್ನ ಮನಸ್ಸಿನಲ್ಲಿ ಉಳಿದಿರುವುದು ಅದೇ. ಆಂಫೆಟಮಿನ್ ಸ್ವಲ್ಪ ಕೊಟ್ಟರೆ ಇಲಿ ಓಡುತ್ತದೆ. ಡೋಸ್ ಏರಿಸಿದರೆ ಒಂದೇ ಕಡೆ ನಿಂತುಬಿಡುತ್ತದೆ. ಎಣಿಕೆ ಕೆಳಗೆ ಬರುತ್ತದೆ, ಕಾಗದದ ಮೇಲೆ ಅದು ನಿದ್ದೆ ಔಷಧಿ ಕೊಟ್ಟ ಇಲಿಯ ಹಾಗೆಯೇ ಕಾಣುತ್ತದೆ. ಹತ್ತಿರ ಹೋಗಿ ನೋಡಿದರೆ ಬೇರೆಯೇ. ನಿಂತಲ್ಲೇ ಮೂಸುವುದು, ನೆಕ್ಕುವುದು, ಕಚ್ಚುವುದು, ತಲೆ ಆಡಿಸುವುದು. ಮಾಡಿದ್ದನ್ನೇ ಬಿಡದೆ ಮಾಡುತ್ತಿರುತ್ತದೆ. ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕ ಅತಿಯಾದಾಗ ಹೀಗಾಗುತ್ತದೆ.

"ಪೆಟ್ಟಿಗೆಗೆ ಗೊತ್ತಿರೋದು ಬೆಳಕು ತಡೆದದ್ದು ಮಾತ್ರ. ಇಲಿಗೆ ಏನಾಗ್ತಿದೆ ಅಂತ ನೀವೇ ನೋಡ್ಬೇಕು" ಎಂದರು.

ಆಮೇಲೆ ಓದುತ್ತಾ ಹೋದಂತೆ ಆ ಮಾತು ಇನ್ನೂ ಗಟ್ಟಿಯಾಯಿತು. ಒಂಟಿ ಇಲಿ ತಡೆದುಕೊಳ್ಳುವ ಆಂಫೆಟಮಿನ್ ಡೋಸ್, ಇಲಿಗಳನ್ನು ಗುಂಪಾಗಿ ಒಂದೇ ಪಂಜರದಲ್ಲಿ ಇಟ್ಟರೆ ಅವನ್ನು ಕೊಲ್ಲಬಹುದು ಎಂದು ಎಂ.ಆರ್.ಎ. ಚಾನ್ಸ್ ಎಂಬ ವಿಜ್ಞಾನಿ 1946ರಲ್ಲೇ ತೋರಿಸಿದ್ದರು. ಔಷಧಿ ಅದೇ, ಇಲಿ ಅದೇ, ಬದಲಾದದ್ದು ಪಂಜರದೊಳಗಿನ ಸಹವಾಸ. ಬಿಟ್ಟು ಬಿಟ್ಟು ಕೊಡುತ್ತಾ ಹೋದರೆ ಅಷ್ಟೇ ಆಂಫೆಟಮಿನ್‌ಗೆ ಇಲಿ ಮೊದಲಿಗಿಂತ ಜಾಸ್ತಿ ಓಡುತ್ತದೆ. ದಿನವೂ ಕೆಫೀನ್ ಕೊಟ್ಟರೆ ಉಲ್ಟಾ, ಅದರ ಓಟ ತಗ್ಗುತ್ತದೆ. ಎರಡನ್ನೂ ಉತ್ತೇಜಕ ಅಂತ ಒಂದೇ ಸಾಲಿಗೆ ಸೇರಿಸುವುದು ನನಗೆ ಸರಿ ಕಾಣುವುದಿಲ್ಲ.

ಈಗ ಬಿ.ಫಾರ್ಮ ತರಗತಿಯಲ್ಲಿ ಪ್ರಾಣಿ ಪ್ರಯೋಗಗಳನ್ನು ಸಾಫ್ಟ್‌ವೇರ್ ಮತ್ತು ವೀಡಿಯೊದಲ್ಲೇ ತೋರಿಸಬೇಕು ಎಂಬ ನಿಯಮ ಇದೆ. ನನಗೆ ಅದು ತುಂಬಾ ಒಳ್ಳೆಯದೆನಿಸಿದೆ. ಮೊದಲೇ ಗೊತ್ತಿರುವ ಉತ್ತರಕ್ಕಾಗಿ ಪ್ರತಿ ವರ್ಷ ಇಲಿಗಳಿಗೆ ಸೂಜಿ ಚುಚ್ಚುವುದು ಬೇಡ. ಆದರೆ ಮಕ್ಕಳು ಬರೀ ಅಂಕಿ ಬರೆದುಕೊಂಡು ಎದ್ದು ಹೋಗಬಾರದು. ಎಣಿಕೆಯನ್ನು ಮರೆಮಾಡಿ, ಆಂಫೆಟಮಿನ್ ಕೊಟ್ಟು ನಿಂತ ಇಲಿಯನ್ನೂ ಮಲಗಿದ ಇಲಿಯನ್ನೂ ಪಕ್ಕ ಪಕ್ಕ ತೋರಿಸಲಿ. ಕಂಡದ್ದನ್ನು ಅವರು ತಮ್ಮದೇ ಮಾತಿನಲ್ಲಿ ರೆಕಾರ್ಡ್ ಪುಸ್ತಕದಲ್ಲಿ ಬರೆಯಲಿ, ಅದಕ್ಕೂ ಅಂಕ ಇರಲಿ.