ಗ್ಲಿಸರಿನ್ ನುಡಿದ ಸಾಕ್ಷಿ

ಸಾಸ್‌ನಂಥವನ್ನು ಮಂದಗೊಳಿಸಲು ಹಾಕುವ ಕ್ಸಾಂಥನ್ ಗಮ್ ಎಂಬ ಪುಡಿ ಬೆರೆಸಿದ ನೀರು ವಿಚಿತ್ರ ದ್ರವ. ಸುಮ್ನೆ ಬಿಟ್ಟರೆ ಮಂದವಾಗಿ ಕೂತಿರುತ್ತದೆ, ಜೋರಾಗಿ ತಳ್ಳಿದರೆ ತೆಳ್ಳಗಾಗಿ ಓಡುತ್ತದೆ. ಎಷ್ಟು ತಳ್ಳಿದರೆ ಎಷ್ಟು ತೆಳ್ಳಗಾಗುತ್ತದೆ ಎಂದು ಅಳೆಯುವುದು ನನ್ನ ಕೆಲಸವಾಗಿತ್ತು. ಲ್ಯಾಬಿನಲ್ಲಿ ದೊಡ್ಡ ರಿಯೋಮೀಟರ್ ಇತ್ತು, ದ್ರವವನ್ನು ತಿರುಗಿಸಿ ಅದರ ಮಂದತನ ಅಳೆಯುವ ಯಂತ್ರ. ಆದರೆ ಅದರ ವೇಗ ಏರಿಸುತ್ತಾ ಹೋದರೆ ದ್ರವ ಅಂಚಿನಿಂದ ಹೊರಗೆ ಬರತೊಡಗುತ್ತದೆ. ಅದಕ್ಕೇ ಚಿಪ್ ಮಾಡಿಕೊಂಡೆ.

ಚಿಪ್ ಅಂದರೆ ಇಷ್ಟೇ: ಪಿಡಿಎಂಎಸ್ ಎಂಬ ಸಿಲಿಕೋನ್ ರಬ್ಬರನ್ನು ಅಚ್ಚಿಗೆ ಸುರಿದು, ಗಟ್ಟಿಯಾದ ಮೇಲೆ ಗಾಜಿನ ಸ್ಲೈಡಿಗೆ ಅಂಟಿಸುವುದು. ಒಳಗೆ 1 ಮಿ.ಮೀ. ಅಗಲ, 100 ಮೈಕ್ರಾನ್ ಎತ್ತರ, 2 ಸೆಂ.ಮೀ. ಉದ್ದದ ಕಾಲುವೆ. ಸಿರಿಂಜ್ ಪಂಪ್ ದ್ರವವನ್ನು ತಳ್ಳುತ್ತದೆ, ಸೆನ್ಸರ್ ಒತ್ತಡ ತೋರಿಸುತ್ತದೆ. ಎರಡೂ ಗೊತ್ತಾದರೆ ಸ್ನಿಗ್ಧತೆ, ಅಂದರೆ ದ್ರವ ಎಷ್ಟು ಮಂದ ಎಂಬುದನ್ನು, ಲೆಕ್ಕ ಹಾಕಬಹುದು.

ಮೊದಲ ಗ್ರಾಫ್ ಬಹಳ ಚೆನ್ನಾಗಿ ಬಂತು. ವೇಗ ಏರಿದಂತೆ ಸ್ನಿಗ್ಧತೆ ಸರ್ರನೆ ಇಳಿಯುವ ಗೆರೆ. ಖುಷಿಯಿಂದ ತೋರಿಸಿದರೆ ಹಿರಿಯ ಸಹೋದ್ಯೋಗಿ ಕೇಳಿದ್ದು ಒಂದೇ ಮಾತು: "ಗ್ಲಿಸರಿನ್ ಹರಿಸಿ ನೋಡಿದ್ದೀಯಾ?"

ನೋಡಿರಲಿಲ್ಲ.

ಗ್ಲಿಸರಿನ್ ಸಾದಾ ದ್ರವ. ಎಷ್ಟೇ ಜೋರಾಗಿ ತಳ್ಳಿದರೂ ಅದರ ಸ್ನಿಗ್ಧತೆ ಬದಲಾಗಬಾರದು. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 1.4 ಪಾಸ್ಕಲ್-ಸೆಕೆಂಡ್. ನನ್ನ ಚಿಪ್‌ನಲ್ಲಿ ಮಾತ್ರ ಅದೂ ತೆಳ್ಳಗಾಗುತ್ತಾ ಹೋಯಿತು! ಗ್ಲಿಸರಿನ್ ಗಾಳಿಯ ತೇವ ಹೀರಿಕೊಳ್ಳುತ್ತದಲ್ವಾ, ಅದೇ ಇರಬೇಕೆಂದು ಹೊಸ ಬಾಟಲಿ ತೆರೆದೆ. ಗುಳ್ಳೆ ಇದೆಯೇನೋ ಎಂದು ಟ್ಯೂಬ್ ಬದಲಿಸಿದೆ. ಗೆರೆ ಹಾಗೇ ಇಳಿಯಿತು.

ಕೊನೆಗೆ ಚಿಪ್ಪನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟೆ. ಕಾಲುವೆಯ ಚಾವಣಿಗೆ ಒಂದು ಧೂಳಿನ ಕಣ ಅಂಟಿತ್ತು. ಅದಕ್ಕೆ ಫೋಕಸ್ ಮಾಡಿ ಪಂಪ್ ಹಾಕಿದೆ. ಕಣ ಮೆಲ್ಲಗೆ ಮಸುಕಾಯಿತು. ಪಂಪ್ ನಿಲ್ಲಿಸಿದೆ, ಸ್ವಲ್ಪ ಹೊತ್ತಿಗೆ ಮತ್ತೆ ಸ್ಪಷ್ಟವಾಯಿತು. ಚಾವಣಿ ಉಬ್ಬುತ್ತಿತ್ತು! ನಿಮಿಷಕ್ಕೆ 10 ಮೈಕ್ರೋಲೀಟರ್ ಅಂದರೆ ಒಂದು ಹನಿಯೂ ಅಲ್ಲ. ಆದರೂ ಅಷ್ಟು ಗ್ಲಿಸರಿನ್ ತಳ್ಳಲು ಈ ಕಾಲುವೆಗೆ ಸುಮಾರು 56 ಕಿಲೋಪಾಸ್ಕಲ್ ಬೇಕು, ವಾತಾವರಣದ ಒತ್ತಡದ ಅರ್ಧಕ್ಕಿಂತ ಜಾಸ್ತಿ. ರಬ್ಬರ್ ತಾನೇ, ಉಬ್ಬದೆ ಏನು ಮಾಡೀತು? ಕಾಲುವೆಯ ತಡೆ ನಿಂತಿರುವುದು ಎತ್ತರದ ಘನದ ಮೇಲೆ. ಎತ್ತರ 10% ಏರಿದರೆ ತಡೆ ಸುಮಾರು 25% ಬೀಳುತ್ತದೆ. ಅದನ್ನೇ ನಾನು ದ್ರವದ ಗುಣ ಎಂದುಕೊಂಡಿದ್ದೆ.

ಅದೇ ಅಳತೆಯ ಚಪ್ಪಟೆ ಗಾಜಿನ ಕೊಳವೆ ತರಿಸಿದೆ. ಗ್ಲಿಸರಿನ್ ಗೆರೆ ಮಟ್ಟಸವಾಗಿ ಮಲಗಿತು. ಕ್ಸಾಂಥನ್ ಮತ್ತೆ ತೆಳ್ಳಗಾಯಿತು, ಆದರೆ ಮೊದಲಿನಷ್ಟು ಕಡಿದಾಗಿ ಅಲ್ಲ. ಹಳೇ ಚಿಪ್‌ಗಳನ್ನು ಎಸೆದಿಲ್ಲ. ಒತ್ತಡ ಹೆಚ್ಚು ಬೇಡದ ತೆಳು ದ್ರಾವಣಗಳಿಗೆ ಅವು ಈಗಲೂ ಸಾಕು, ಮೊದಲು ನೀರು ಬೆರೆಸಿದ ಗ್ಲಿಸರಿನ್ ಹರಿಸಿ ನೋಡಿಕೊಂಡರೆ.