ಅರಬೈಲ್ ಘಟ್ಟದಲ್ಲಿ ಬ್ಯಾಟರಿ ಲೆಕ್ಕ

2025ರ ಸೆಪ್ಟೆಂಬರ್ 9ರ ರಾತ್ರಿ ಐಫೋನ್ ಏರ್ ಘೋಷಣೆ ಆಯಿತು. ಮಾರನೇ ದಿನ ನಾನು ಶಿರಸಿಯ ಅಂಗಡಿಯ ಶಟರ್ ಎತ್ತುವ ಮೊದಲೇ ಅಕ್ಕನ ಮಗನ ಫೋನು.

"ಮಾವಾ, ನೋಡಿದ್ಯಾ? 5.6 ಮಿಲಿಮೀಟರು!"

"ತೆಳ್ಳಗೆ ಇದ್ದು, ಸರಿ. ಬ್ಯಾಟರಿ ಎಲ್ಲಿ ಇಟ್ಟಿದ್ವಡ?"

ಆ ಕಡೆ ಮಾತು ನಿಂತಿತು. ಅವನನ್ನು ಕೊರೆಯುತ್ತಿದ್ದದ್ದೂ ಅದೇ. 12ಕ್ಕೆ ಬುಕಿಂಗ್, 19ಕ್ಕೆ ಮಾರಾಟ, ಬೆಲೆ 1,19,900 ರೂಪಾಯಿ. ದುಡ್ಡು ಅವನದ್ದು, ಬೆಂಗಳೂರಿನ ಕೆಲಸದ್ದು. ಆದರೆ ಅವನು ಅರ್ಧ ತಿಂಗಳು ಮನೆಯಿಂದಲೇ ಕೆಲಸ ಮಾಡುವವನು. ಮನೆ ಅಂದರೆ ಶಿರಸಿ ಪೇಟೆಯಲ್ಲ, ಮಂಚಿಕೇರಿ ರಸ್ತೆಯಲ್ಲಿ ಹೋಗಿ ಕೆಳಗೆ ಇಳಿದರೆ ಸಿಗುವ ತೋಟದ ಮನೆ. ಸಿಗ್ನಲ್ಲು ಜಗುಲಿಯ ಮೂಲೆಯ ಕಿಟಕಿಯಲ್ಲಿ ಮಾತ್ರ. ಮನೆಯವರ ಫೋನೆಲ್ಲ ಅಲ್ಲೇ ಸಾಲಾಗಿ ಕೂತಿರುತ್ತವೆ. ಯಾರದ್ದು ಬಡಿದುಕೊಂಡರೂ ಎಲ್ಲರೂ ಓಡಬೇಕು.

ನಾನು ಮೊಬೈಲ್ ರಿಪೇರಿ ಮಾಡುವವನು. ಮಳೆಗಾಲದಲ್ಲಿ ಕೌಂಟರಿಗೆ ಬರುವ ದೂರುಗಳಲ್ಲಿ ಮೊದಲನೆಯದು ಚಾರ್ಜಿಂಗ್ ಪಿನ್ನಿಗೆ ಹಸಿರು ಕಟ್ಟಿದ್ದು, ಎರಡನೆಯದು "ಚಾರ್ಜು ನಿಲ್ತಿಲ್ಲೆ". ಎರಡನೆಯದಕ್ಕೆ ನಾನು ಮೊದಲು ಕೇಳುವುದು ಯಾವ ಫೋನು ಅಂತಲ್ಲ, ಮನೆ ಎಲ್ಲಿ ಅಂತ. ಘಟ್ಟದ ಅಂಚಿನ ಊರಿನ ಹೆಸರು ಹೇಳಿದರೆ ಬ್ಯಾಟರಿ ಬದಲಿಸುವ ಮಾತೇ ಎತ್ತುವುದಿಲ್ಲ. ಹಾಗೆ ಗಿರಾಕಿ ವಾಪಸ್ ಕಳಿಸಿ ಕಳಕೊಂಡ ವ್ಯಾಪಾರ ಸಾಕಷ್ಟಿದೆ, ಇರಲಿ.

ಟವರ್ ಹತ್ತಿರ ಇದ್ದರೆ ಫೋನು ಪಿಸುಗುಟ್ಟಿದರೂ ಅದಕ್ಕೆ ಕೇಳುತ್ತದೆ. ದೂರವಾದಷ್ಟೂ, ನಡುವೆ ಗುಡ್ಡ, ಒದ್ದೆ ಕಾಡು ಬಂದಷ್ಟೂ ಫೋನು ದನಿ ಏರಿಸಬೇಕು. 4ಜಿ ಫೋನಿಗೆ ಆ ದನಿಯ ಮೇಲ್ಮಿತಿ ಸುಮಾರು 200 ಮಿಲಿವಾಟ್. ಅಷ್ಟು ಹೊರಗೆ ಹೋಗಬೇಕಾದರೆ ಒಳಗಿನ ಆಂಪ್ಲಿಫೈಯರ್ ಬ್ಯಾಟರಿಯಿಂದ ಅದರ ಹಲವು ಪಟ್ಟು ಎಳೆಯುತ್ತದೆ, ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಸಿಗ್ನಲ್ಲು ಪೂರ್ತಿ ಹೋದರೆ ಇನ್ನೂ ಕಷ್ಟ. ಒಂದಾದ ಮೇಲೊಂದು ಬ್ಯಾಂಡಿನಲ್ಲಿ ಟವರ್ ಹುಡುಕುತ್ತಲೇ ಇರುತ್ತದೆ. ನೀವು ಅದನ್ನು ಕಿಸೆಯಲ್ಲಿ ಹಾಕಿಕೊಂಡು, ಮುಟ್ಟಿಯೇ ಇಲ್ಲ ಅಂದುಕೊಂಡಿರುತ್ತೀರಿ.

ಏರ್‌ನ ಲೆಕ್ಕ ಇದು. ಬ್ಯಾಟರಿ 3149 ಎಂಎಎಚ್ (ಬ್ಯಾಟರಿಯಲ್ಲಿ ಎಷ್ಟು ಚಾರ್ಜು ಹಿಡಿಸುತ್ತದೆ ಅನ್ನುವ ಅಳತೆ). ಇಪ್ಪತ್ತು ಸಾವಿರದ ಆಸುಪಾಸಿನ ಚೀನಾ ಫೋನುಗಳಲ್ಲಿ ಆಗಲೇ 7000 ಬಂದಿತ್ತು. ಏರ್‌ಗೆ ಕಂಪನಿ ಹೇಳಿದ್ದು 27 ತಾಸು ವಿಡಿಯೋ. ಅಳಿಯನ ಕೈಯಲ್ಲಿದ್ದದ್ದು ಐಫೋನ್ 13. ಅದರ ಬ್ಯಾಟರಿ ಹೊಸತಿದ್ದಾಗ 3240ರ ಹತ್ತಿರ, ಅಂದರೆ ಏರ್‌ಗಿಂತ ಒಂದು ಕೂದಲು ಹೆಚ್ಚೇ. ಅದಕ್ಕೆ ಕಂಪನಿ ಹೇಳಿದ್ದು 19 ತಾಸು. ಬ್ಯಾಟರಿ ಅಷ್ಟೇ, ತಾಸು ಎಂಟು ಜಾಸ್ತಿ. ಸುಳ್ಳು ಅಂತ ನಾನು ಹೇಳುವುದಿಲ್ಲ. ಸುಮ್ಮನಿದ್ದಾಗ ಸೆಕೆಂಡಿಗೆ ಒಂದೇ ಸಲ ತಾಜಾ ಆಗುವ ಪರದೆ, ಹೊಸ ಪ್ರೊಸೆಸರ್, ಜೊತೆಗೆ ಸಿ1ಎಕ್ಸ್ ಅನ್ನುವ ಸ್ವಂತ ಮೋಡೆಮ್ಮು, ಅಂದರೆ ಟವರ್ ಜೊತೆ ಮಾತಾಡುವ ಚಿಪ್ಪು. ಆ ಮೋಡೆಮ್ಮು 16 ಪ್ರೋದಲ್ಲಿದ್ದದ್ದಕ್ಕಿಂತ ಶೇಕಡಾ 30ರಷ್ಟು ಕಡಿಮೆ ವಿದ್ಯುತ್ ತಿನ್ನುತ್ತದೆ ಅಂದಿದ್ದರು. ನನಗೆ ಕುತೂಹಲ ಇದ್ದದ್ದು ಆ ಕೊನೆಯದರ ಬಗ್ಗೆ ಮಾತ್ರ. ಕೋಣೆಯಲ್ಲಿ ವೈಫೈ ಹಾಕಿ ವಿಡಿಯೋ ಓಡಿಸಿದ ತಾಸು ತಗೊಂಡು ಘಟ್ಟದವರು ಏನು ಮಾಡಬೇಕು?

ಅದೇ ವಾರ ಅಕ್ಕನ ಮನೆಯ ಜಾಗದ ಕಾಗದದ ಕೆಲಸಕ್ಕೆ ಕಾರವಾರಕ್ಕೆ ಹೋಗುವುದಿತ್ತು. ಜಿಲ್ಲಾ ಕೇಂದ್ರ ಅಷ್ಟು ದೂರ ಇರುವ ಪುಣ್ಯ ನಮ್ಮದು. ಹುಡುಗನಿಗೆ ಹೇಳಿದೆ, ಈ 13 ಅನ್ನೇ ನೂರಕ್ಕೆ ನೂರು ತುಂಬಿಸಿಕೊಂಡು ಬಾ, ಸಂಜೆ ಒಳಗಿನ ಪಟ್ಟಿ ನೋಡುವಾ. ಅದರ ಬ್ಯಾಟರಿ ಹೆಲ್ತ್ 79ಕ್ಕೆ ಇಳಿದು 'ಸರ್ವಿಸ್' ಅಂತ ತೋರಿಸುತ್ತಿತ್ತು. ಹಾಗಾಗಿ ಎಷ್ಟು ತಾಸು ಬಂತು ಅನ್ನುವುದಕ್ಕೆ ಬೆಲೆ ಇಲ್ಲ. ಯಾವುದು ಎಷ್ಟು ತಿಂದಿತು ಅನ್ನುವ ಪಾಲು ಸಿಕ್ಕರೆ ಸಾಕು.

ಯಲ್ಲಾಪುರದವರೆಗೆ ಅವನು ಆಫೀಸಿನ ಫೋನ್ ಕಾಲಿನಲ್ಲಿದ್ದ. ಅಲ್ಲಿಂದ ಕೈಗಾ ಕಡೆಗೂ ರಸ್ತೆ ಇದೆ, ಮಳೆಗಾಲಕ್ಕೆ ಬೇಡ ಅನ್ನಿಸಿ ಅರಬೈಲ್ ಹಿಡಿದೆವು. ಕೈಗಾ ಅಂದಕೂಡಲೇ ನೆನಪಾಗುತ್ತದೆ: ಅಲ್ಲಿನ ಮೊದಲ ಘಟಕ 2016ರ ಮೇ ತಿಂಗಳಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ಒಂದೇ ಸಮ ಓಡಿತ್ತು. ಅಣುಸ್ಥಾವರ, ಕಾಳಿ ನದಿಗೆ ಸಾಲು ಅಣೆಕಟ್ಟು, ಎಲ್ಲ ನಮ್ಮ ಜಿಲ್ಲೆಯಲ್ಲೇ. ಒಂದು ಮರ ತಂತಿ ಮೇಲೆ ಬಿದ್ದರೆ ಅಕ್ಕನ ಮನೆಯಲ್ಲಿ ಎರಡು ದಿನ ಇನ್ವರ್ಟರೂ ಇಲ್ಲ.

ಇಡಗುಂದಿ ದಾಟಿ ಘಟ್ಟ ಇಳಿಯುವಾಗ ಹುಡುಗ ಫೋನನ್ನು ಕಿಸೆಯಲ್ಲಿ ಹಾಕಿಕೊಂಡ. ಮುಂದೆ ಲಾರಿ ಸಾಲು, ಮಂಜು, ವೈಪರು. ಗುಳ್ಳಾಪುರ, ರಾಮನಗುಳಿ ದಾಟಿ ಸುಂಕಸಾಳದಲ್ಲಿ ಚಹಾ ಕುಡಿಯಲು ನಿಂತಾಗ ಅವನು ಫೋನು ತೆಗೆದು ನನ್ನ ಅಂಗೈ ಮೇಲಿಟ್ಟ. ಬೋರ್ಡ್ ಇರುವ ಕಡೆ ಕಾದಿತ್ತು. ಬ್ಯಾಟರಿ ಇರುವ ಬದಿ ತಣ್ಣಗೆ. ಆ ಬಿಸಿ ಎಲ್ಲಿಂದ ಬಂತು ಅಂತ ರಿಪೇರಿಯವನಿಗೆ ಕೈಯಲ್ಲೇ ಗೊತ್ತಾಗುತ್ತದೆ.

ಕಾರವಾರದಲ್ಲಿ ಸಿಗ್ನಲ್ಲಿಗೆ ಬರ ಇಲ್ಲ. ಬರ ಇದ್ದದ್ದು ಚಾರ್ಜಿಗೆ. ಪವರ್ ಬ್ಯಾಂಕ್ ಇತ್ತು, ಶಿರಸಿಯ ನನ್ನ ಅಂಗಡಿಯ ಮೇಜಿನ ಮೇಲೆ. ಕಾರಿನ ಸಾಕೆಟ್ಟಿನ ವೈರನ್ನು ಇಲಿ ಕಡಿದಿತ್ತು. ಮಧ್ಯಾಹ್ನದ ಮೇಲೆ ಕಚೇರಿಯ ಕಿಟಕಿ ಎದುರು ನಮ್ಮ ಸರದಿ ಬಂದು, "ಓಟಿಪಿ ಹೇಳಿ" ಅಂದಾಗ ಹುಡುಗನ ಫೋನು ಶೇಕಡಾ 7 ತೋರಿಸುತ್ತಾ ಇದ್ದಕ್ಕಿದ್ದಂತೆ ಕಪ್ಪಾಯಿತು. ಹಳೇ ಬ್ಯಾಟರಿಯ ಚಾಳಿ ಅದು, ಸೊನ್ನೆಯವರೆಗೆ ಬರುವುದಿಲ್ಲ.

ನನ್ನ ಕೀಲಿ ಗೊಂಚಲಿನಲ್ಲಿ ಸಿಮ್ ಪಿನ್ ಯಾವಾಗಲೂ ಇರುತ್ತದೆ, ಪರ್ಸಿನಲ್ಲಿ ಪ್ಲಾಸ್ಟಿಕ್ಕಿನ ಸಿಮ್ ಅಡಾಪ್ಟರು. ಪಿನ್ ಒತ್ತಿ ಟ್ರೇ ಎಳೆದು, ಉಗುರಿನ ತುದಿಯಲ್ಲಿ ನ್ಯಾನೋ ಸಿಮ್ ಎತ್ತಿ, ಅಡಾಪ್ಟರಿಗೆ ಕೂರಿಸಿ, ನನ್ನ ಕೀಪ್ಯಾಡ್ ಫೋನಿನ ಬೆನ್ನು ಬಿಚ್ಚಿ, ಅದರ ಬ್ಯಾಟರಿ ತೆಗೆದು, ಕೆಳಗೆ ತೂರಿಸಿದೆ. ನನ್ನದು 2ಜಿ ಫೋನು. ಅವನ ಸಿಮ್ಮಿನ ಕಂಪನಿಗೆ ಇನ್ನೂ 2ಜಿ ಇತ್ತು, ಅದರಿಂದ ಬಚಾವ್. ಹಿಂದೆ ನಿಂತಿದ್ದ ಅಂಕೋಲೆಯ ಹೆಂಗಸು ಕುತೂಹಲಕ್ಕೆ ಬಗ್ಗಿ ನೋಡುತ್ತಿದ್ದಳು. ಒಳಗಿನ ಗುಮಾಸ್ತರು ಇನ್ನೊಮ್ಮೆ ಕಳಿಸಿದರು, ಪುಟ್ಟ ಪರದೆಯ ಮೇಲೆ ಆರು ಅಂಕಿ ಬಂತು. ಕೆಲಸ ಆಯಿತು.

ಹೊರಗೆ ಬಂದು ಎರಡು ಹೆಜ್ಜೆ ಇಟ್ಟ ಹುಡುಗ ನಿಂತುಬಿಟ್ಟ.

"ಮಾವಾ, ಏರ್‌ಗೆ ಸಿಮ್ ಟ್ರೇನೇ ಇಲ್ಯಲಾ."

ಇಲ್ಲ. ಬೇರೆ ಐಫೋನುಗಳಿಗೆ ನಮ್ಮ ದೇಶದಲ್ಲಿ ಟ್ರೇ ಇದೆ. ಏರ್ ಮಾತ್ರ ಎಲ್ಲ ದೇಶದಲ್ಲೂ ಇ-ಸಿಮ್ಮಿನದ್ದೇ, ಅಂದರೆ ಫೋನಿನೊಳಗೇ ಕೂತಿರುವ, ಹೊರಗೆ ತೆಗೆಯಲು ಬಾರದ ಸಿಮ್ಮು. ಟ್ರೇಯ ಜಾಗ ಬ್ಯಾಟರಿಗೆ ಹೋಗುತ್ತದೆ ಅನ್ನುವುದು ನಿಜ. ಅದೇ ವರ್ಷದ 17 ಪ್ರೋ ನೋಡಿದರೆ ಟ್ರೇ ಇರುವುದಕ್ಕೆ 3988, ಇಲ್ಲದ್ದಕ್ಕೆ 4252 ಎಂಎಎಚ್. ಆದರೆ ನಮ್ಮಂಥ ಕಡೆ ಬ್ಯಾಟರಿ ಸತ್ತ ಮೇಲೂ ನಂಬರು ಬದುಕಿರಬೇಕು. ಇ-ಸಿಮ್ಮನ್ನು ಉಗುರಿನಲ್ಲಿ ಎತ್ತಿ ಕೀಪ್ಯಾಡ್ ಫೋನಿಗೆ ಹಾಕಲು ಬರುವುದಿಲ್ಲ. ಬ್ಯಾಟರಿ ಎಷ್ಟು ತಾಸು ಬರುತ್ತದೆ ಅಂತ ಎಲ್ಲರೂ ಕೇಳುತ್ತಿದ್ದರು. ಮುಗಿದ ಮೇಲೆ ಏನು ಅಂತ ಕೇಳಿದವರು ಕಡಿಮೆ. ನಾನಂತೂ ಅಲ್ಲಿಯವರೆಗೆ ಕೇಳಿರಲಿಲ್ಲ.

ಬೆನ್ನಿಗೆ ಅಂಟುವ ಬ್ಯಾಟರಿಯನ್ನೂ ಏರ್‌ಗೆಂದೇ ಮಾಡಿದ್ದಾರೆ, ಅದು ಸೇರಿದರೆ 40 ತಾಸು ವಿಡಿಯೋ ಅಂತ ಹುಡುಗ ನೆನಪಿಸಿದ. ಹೊಟ್ಟೆ ಕರಗಿಸಿಕೊಂಡು ಬೆನ್ನಿಗೆ ಅಡಿಕೆ ಚೀಲ ಕಟ್ಟಿಕೊಂಡ ಹಾಗಾಯಿತು ಅಂದೆ. ಅವನಿಗೆ ನಗು ಬರಲಿಲ್ಲ.

ಹೋಟೆಲಿನಲ್ಲಿ ಊಟ ಮಾಡುತ್ತಾ ಕ್ಯಾಷಿಯರ್ ಹತ್ತಿರ ಚಾರ್ಜಿಗೆ ಇಟ್ಟು, ಫೋನು ಎಚ್ಚರವಾದ ಮೇಲೆ ಸೆಟ್ಟಿಂಗ್ಸ್ ಬಿಚ್ಚಿದೆವು. ಬ್ಯಾಟರಿ ಪಟ್ಟಿಯಲ್ಲಿ ಮೇಲೆ ಆಫೀಸಿನ ಕಾಲ್ ಮಾಡಿದ ಆ್ಯಪು. ಅದರ ಕೆಳಗೆ, ಇನ್‌ಸ್ಟಾಗ್ರಾಂ, ಕ್ಯಾಮೆರಾ, ವಾಟ್ಸಾಪ್ ಎಲ್ಲದಕ್ಕಿಂತ ಮೇಲೆ, 'ನೋ ಸೆಲ್ ಕವರೇಜ್', ಅಂದರೆ ಸಿಗ್ನಲ್ಲು ಇಲ್ಲದಲ್ಲಿ ಖರ್ಚಾದದ್ದು, ಅಂತ ಒಂದು ಸಾಲು: ಶೇಕಡಾ 23. ತೆಗೆದು ನೋಡದೆ, ಒತ್ತದೆ, ಕಿಸೆಯಲ್ಲಿ ಕೂತೇ ತಿಂದದ್ದು. ಹುಡುಗ ಆ ಸಾಲನ್ನು ಒತ್ತಿ ಒತ್ತಿ ನೋಡಿದ, ಅದನ್ನು ಬಂದ್ ಮಾಡಲು ಆಗುತ್ತದಾ ಅಂತ.

ವಾಪಸ್ ಬರುವಾಗ ಬಾಳೆಗುಳಿಯಲ್ಲಿ ಎಡಕ್ಕೆ ತಿರುಗಿ, ಮುಂದೆ ಸಿಗ್ನಲ್ಲು ಕಡಿಯುತ್ತಿದ್ದಂತೆ ಏರೋಪ್ಲೇನ್ ಮೋಡಿಗೆ ಹಾಕಿಸಿದೆ. ಯಲ್ಲಾಪುರದವರೆಗೆ ಚಾರ್ಜು ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಅಂಗಡಿಗೆ ಬಂದವರಿಗೆಲ್ಲ ನಾನು ಹೇಳುವ ಪುಕ್ಕಟೆ ಔಷಧಿ ಇದು: ಘಟ್ಟದಲ್ಲಿ ಏರೋಪ್ಲೇನ್, ಮನೆಯಲ್ಲಿ ಏರೋಪ್ಲೇನ್ ಹಾಕಿ ವೈಫೈ ಕಾಲಿಂಗ್. ಯಾರೂ ಮಾಡುವುದಿಲ್ಲ. ಆ ಹೊತ್ತಿನಲ್ಲೇ ಯಾರೋ ಫೋನ್ ಮಾಡಿದರೆ ಅಂತ ಎಲ್ಲರಿಗೂ ಹೆದರಿಕೆ.

ಮನೆಗೆ ಬಂದಾಗ ಅಕ್ಕ ಬೇರೆಯದೇ ತಕರಾರು ತೆಗೆದಳು. "ಪಕ್ಷದಲ್ಲಿ ಎಂತಕ್ಕಾ ಹೊಸಾ ಸಾಮಾನು? ನವರಾತ್ರಿಗೆ ತಗಂಡ್ರೆ ಆಗ್ತಿಲ್ಯನಾ?" 21ಕ್ಕೆ ಮಹಾಲಯ ಅಮಾವಾಸ್ಯೆ, ಮಾರಾಟ ಶುರುವಾಗುವುದು ಅದಕ್ಕಿಂತ ಮುಂಚೆ 19ಕ್ಕೆ. ನಮ್ಮ ಎಂಎಎಚ್ ಲೆಕ್ಕಕ್ಕೆ ಜಗ್ಗದವನು ಅಮ್ಮನ ಪಂಚಾಂಗಕ್ಕೆ ಜಗ್ಗಿದ. ಏರ್ ಆಸೆಯನ್ನು ಪೂರ್ತಿ ಬಿಟ್ಟನೆಂದಲ್ಲ. ಟ್ರೇ ಇರುವ, 3692 ಎಂಎಎಚ್‌ನ ಬರೀ 17 ಆಗಬಹುದಾ ಅಂತ ಊಟದ ನಡುವೆ ಗೊಣಗಿದ, ಮತ್ತೆ ದಪ್ಪ ಅಂದ.

ಹಬ್ಬಕ್ಕೆ ಬೆಂಗಳೂರಿನಿಂದ ಏರ್ ಹಿಡಿದುಕೊಂಡು ಯಾರಾದರೂ ಊರಿಗೆ ಬಂದೇ ಬರುತ್ತಾರೆ, ಅವರನ್ನು ಅಂಗಡಿಗೆ ಕರಕೊಂಡು ಬಾ, ಚಹಾ ನಂದು ಅಂದೆ. ಅವರು ಘಟ್ಟ ಇಳಿದು ಹತ್ತಿದ ದಿನದ ಪಟ್ಟಿಯಲ್ಲಿ ಆ ಒಂದು ಸಾಲು ತೋರಿಸಿದರೆ ಸಾಕು.