ಗೆಳೆಯರನ್ನು ಎಚ್‌ಐವಿ ಟೆಸ್ಟ್‌ಗೆ ಕರೆಯುವ ಕೆಲಸ: ಆರನೇ ವಾರ

ಮೊದಲ ವಾರ ನಾವು ಐದು ಜನ ನಮ್ಮ ವಾಟ್ಸಾಪ್ ಗ್ರೂಪ್‌ಗಳಿಗೆಲ್ಲ ಒಂದೇ ಪೋಸ್ಟರ್ ಹಾಕಿದ್ದೆವು. ಲೈಕ್ ಬೇಕಾದಷ್ಟು ಬಂದವು. ಟೆಸ್ಟ್ ಎಲ್ಲಿ ಮಾಡುತ್ತಾರೆ ಅಂತ ಒಬ್ಬರೂ ಕೇಳಲಿಲ್ಲ. ಹತ್ತಾರು ಜನರೆದುರು ಕೇಳಿದರೆ ಕೇಳಿದವರ ಮೇಲೇ ಎಲ್ಲರ ಕಣ್ಣು, ಅಲ್ವಾ?

ಅದಕ್ಕೇ ದಾರಿ ಬದಲಿಸಿದೆವು. ಮೊದಲು ತಾನು ಟೆಸ್ಟ್ ಮಾಡಿಕೊಳ್ಳಬೇಕು. ಆಮೇಲೆ ತೀರಾ ಹತ್ತಿರದ ಇಬ್ಬರಿಗೆ ಮಾತ್ರ, ತನ್ನದೇ ಮಾತಿನಲ್ಲಿ ಬರೆಯಬೇಕು. ಸೋಂಕಿನ ಅಪಾಯ ಜಾಸ್ತಿ ಇರುವ ಸಮುದಾಯಗಳಲ್ಲಿ ಹೀಗೆ ಪರಿಚಯದವರ ಮೂಲಕ ಟೆಸ್ಟ್‌ಗೆ ಕರೆಯುವುದನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಶಿಫಾರಸು ಮಾಡಿದೆ.

ನಾನು ವಸಡಿನಿಂದ ಮಾಡುವ ಕಿಟ್ ತಂದೆ. ಕಡ್ಡಿಯ ತುದಿಯನ್ನು ಮೇಲಿನ ವಸಡಿಗೆ ಒಮ್ಮೆ, ಕೆಳಗಿನದಕ್ಕೆ ಒಮ್ಮೆ ಒರೆಸಿ ಟ್ಯೂಬಿನಲ್ಲಿ ನಿಲ್ಲಿಸಿದೆ. 20 ನಿಮಿಷ ಕಾಯಬೇಕು. 'ಸಿ' ಪಕ್ಕ ಗೆರೆ ಮೂಡಿತು, ಅಂದರೆ ಕಿಟ್ ಕೆಲಸ ಮಾಡುತ್ತಿದೆ. ಸೋಂಕು ಇದ್ದರೆ ಗೆರೆ ಬರುವ 'ಟಿ' ಪಕ್ಕ ಖಾಲಿ. ಆದರೂ ಹೊತ್ತು ತುಂಬುವವರೆಗೆ ಅಲ್ಲಿಂದ ಕಣ್ಣು ಕೀಳಲಾಗಲಿಲ್ಲ. ಗೆಳೆಯನಿಗೆ ಅದನ್ನೇ ಬರೆದೆ: 'ಲೋ, ಇವತ್ತು ಎಚ್‌ಐವಿ ಟೆಸ್ಟ್ ಮಾಡ್ಕೊಂಡೆ. ಆ 20 ನಿಮಿಷ ಒಬ್ಬನೇ ಕೂರೋದು ಕಷ್ಟ ಕಣೋ. ನೀನೂ ಮಾಡ್ಕೊಳ್ಳೋದಾದ್ರೆ ಜೊತೆಗೆ ಕೂರ್ತೀನಿ.' ರಾತ್ರಿ ಉತ್ತರ ಬಂತು: 'ಭಾನುವಾರ ಬಾ.'

ನಾಲ್ಕನೇ ವಾರ ಒಂದು ತಪ್ಪಾಯಿತು. ನಮ್ಮಲ್ಲೊಬ್ಬರು ಕಾಳಜಿಯಿಂದಲೇ 'ಏನ್ ಬಂತು?' ಅಂತ ಕೇಳಿಬಿಟ್ಟರು. ಆ ಕಡೆಯಿಂದ ಮಾತೇ ನಿಂತುಹೋಯಿತು. ಅವತ್ತಿನಿಂದ ನಾವು ರಿಸಲ್ಟ್ ಕೇಳುವುದಿಲ್ಲ. ಅದು ಅವರದ್ದು, ಹೇಳಬೇಕು ಅನ್ನಿಸಿದರೆ ಹೇಳುತ್ತಾರೆ. ಬೇಡ ಅಂದವರನ್ನು ಎರಡನೇ ಸಲ ಒತ್ತಾಯ ಮಾಡುವುದೂ ಇಲ್ಲ.

ಮೆಸೇಜಿಗೆ ಈಗ ಕೆಲವು ವಿಷಯ ಸೇರಿಸಿದ್ದೇವೆ. ಸೋಂಕು ತಗುಲಿದ ತಕ್ಷಣ ಈ ಕಿಟ್‌ನಲ್ಲಿ ಗೊತ್ತಾಗುವುದಿಲ್ಲ, ಗೊತ್ತಾಗಲು 90 ದಿನದವರೆಗೂ ಬೇಕಾಗಬಹುದು. ಹಾಗಾಗಿ ಇತ್ತೀಚೆಗೆ ಅಪಾಯ ಆಗಿದ್ದರೆ ನೆಗೆಟಿವ್ ಬಂದರೂ ಮತ್ತೆ ಮಾಡಬೇಕು. ಎರಡು ಗೆರೆ ಬಂದರೆ ಅದೇ ಕೊನೆಯಲ್ಲ, ಆಸ್ಪತ್ರೆಯಲ್ಲಿ ಖಚಿತ ಮಾಡಿಕೊಳ್ಳಬೇಕು. ಅಪಾಯ ಆಗಿ 72 ಗಂಟೆ ಮೀರಿಲ್ಲದಿದ್ದರೆ ಕಿಟ್ ಹುಡುಕುತ್ತಾ ಕೂರದೆ ಸೀದಾ ಡಾಕ್ಟರ ಹತ್ತಿರ ಹೋಗಬೇಕು, ಸೋಂಕು ತಡೆಯುವ 28 ದಿನದ ಔಷಧಿ ಇದೆ.

ಜನರ ಮುಖ ಸಡಿಲವಾಗುವುದು ಮಾತ್ರ ಇನ್ನೊಂದು ವಿಷಯ ಹೇಳಿದಾಗ. ಸೋಂಕು ಇರುವವರು ಎಚ್‌ಐವಿ ಚಿಕಿತ್ಸೆಯ ಔಷಧಿಯನ್ನು ಬಿಡದೆ ತೆಗೆದುಕೊಂಡು, ರಕ್ತದಲ್ಲಿ ವೈರಸ್ ಪರೀಕ್ಷೆಗೆ ಸಿಗದಷ್ಟು ಕಡಿಮೆಯಾಗಿಯೇ ಉಳಿದರೆ, ಲೈಂಗಿಕ ಸಂಪರ್ಕದಿಂದ ಅದು ಸಂಗಾತಿಗೆ ಹರಡುವುದಿಲ್ಲ. ಇದನ್ನು ಕೇಳಿ ಒಬ್ಬ ಗೆಳತಿ 'ಹೌದಾ? ಮತ್ತೆ ಯಾರೂ ಯಾಕೆ ಹೇಳಲಿಲ್ಲ?' ಅಂದಳು. ಈಗ ಮೆಸೇಜ್ ಶುರುವಾಗುವುದೇ ಈ ಮಾತಿನಿಂದ.

ಭಾನುವಾರ ಗೆಳೆಯನ ಮನೆಗೆ ಹೋಗಿದ್ದೆ. ಜೊತೆಗೆ ಕೂತೆ. ಹೊರಡುವಾಗ ಬಾಗಿಲ ಹತ್ತಿರ ಬಂದು 'ಇನ್ನೊಂದು ಕಿಟ್ ಇದೆಯಾ?' ಅಂತ ಕೇಳಿದ. ಕೊಟ್ಟೆ. ಯಾರಿಗೆ ಅಂತ ಕೇಳಲಿಲ್ಲ.